ಈರಮ್ಮನ ಕವಣೆಗೆ ನಾನು ಕೊಟ್ಟ ಸೊನ್ನೆ

ಕಳೆದ ಗುರುವಾರ ನಾನು ನಮ್ಮ ಶಾಲೆಯ ಅಡುಗೆಕೋಣೆಗೆ ಕಲ್ಲು ಹೊಡೆದೆ.

ಬೇಕಂತಲೇ ಅಲ್ಲ. ಗುರಿ ಇಟ್ಟಿದ್ದು ಎದುರಿಗಿದ್ದ ಬೇವಿನ ಮರಕ್ಕೆ. ಕಲ್ಲು ಹೋಗಿ ಬಡಿದದ್ದು ಎಡಗಡೆಯ ಅಡುಗೆಕೋಣೆಯ ತಗಡಿಗೆ. ಢಣ್ ಅಂದಿದ್ದೇ ತಡ, ಬಿಸಿಯೂಟ ಮಾಡುವ ರತ್ನಕ್ಕ ಸೌಟು ಹಿಡಿದೇ ಹೊರಗೆ ಬಂದರು. "ಯಾವನ್ಲೇ ಅವನು? ಕೈ ಮುರೀತೀನಿ!"

ನೋಡಿದರೆ ಒಂಬತ್ತನೇ ಕ್ಲಾಸಿನ ಅಷ್ಟೂ ಮಕ್ಕಳು. ಅವರ ಮುಂದೆ ಖಾಲಿ ಕೈ ಮೇಲೆತ್ತಿಕೊಂಡು ನಿಂತ ವಿಜ್ಞಾನದ ಮೇಡಂ, ಅಂದರೆ ನಾನು. "ಅಯ್ಯೋ, ನೀವಾ ಮೇಡಂ? ಹೊಡೀರಿ, ಹೊಡೀರಿ" ಅಂದು ರತ್ನಕ್ಕ ಒಳಗೆ ಹೋದರು.

ನನ್ನ ಪುರಾಣ ನಿಮಗೆ ಗೊತ್ತೇ ಇದೆ. ಮನೆ ದುರ್ಗದಲ್ಲಿ, ಪಾಠ ಹೊಳಲ್ಕೆರೆ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ, ಇಪ್ಪತ್ತೆರಡು ವರ್ಷದಿಂದ ದಿನಾ ಬಸ್ಸು. (ಜಡತ್ವದ ಪಾಠಕ್ಕೆ ನಾನು ಬೇರೆ ಉದಾಹರಣೆ ಹುಡುಕಿಲ್ಲ. ನಮ್ಮ ಡ್ರೈವರ್ ಬ್ರೇಕ್ ಹಾಕಿದಾಗ ನಾನು ಯಾರ ಮೇಲೆ ಹೋಗಿ ಬೀಳುತ್ತೇನೆ ಅನ್ನುವುದೇ ಸಾಕು.) ಇಷ್ಟು ವರ್ಷ ಬಲ, ಚಲನೆ ಅಂತ ಗಂಟಲು ಹರಿದುಕೊಂಡವಳಿಗೆ ಒಂದು ಕಲ್ಲನ್ನು ನೆಟ್ಟಗೆ ಎಸೆಯಲು ಬರಲಿಲ್ಲ ಅಂದರೆ ಏನರ್ಥ?

ಇದೆಲ್ಲ ಶುರುವಾಗಿದ್ದು ಒಂದು ಸೊನ್ನೆಯಿಂದ.

ಟೆಸ್ಟಿನಲ್ಲಿ ಎರಡು ಮಾರ್ಕ್ಸಿನ ಪ್ರಶ್ನೆ ಕೊಟ್ಟಿದ್ದೆ. ದಾರಕ್ಕೆ ಕಟ್ಟಿ ತಿರುಗಿಸುತ್ತಿರುವ ಕಲ್ಲನ್ನು ಬಿಟ್ಟರೆ ಅದು ಯಾವ ದಿಕ್ಕಿಗೆ ಹೋಗುತ್ತದೆ? ಉತ್ತರ: ಸ್ಪರ್ಶಕದ ದಿಕ್ಕಿಗೆ. ಅಂದರೆ ಕಲ್ಲು ಸುತ್ತುವ ವೃತ್ತದ ಅಂಚನ್ನು ಬರೀ ಮುಟ್ಟಿಕೊಂಡು ನೇರ ಹೋಗುವ ಗೆರೆ ಇರುತ್ತದಲ್ಲ, ಆ ದಿಕ್ಕಿಗೆ. ಬಹಳಷ್ಟು ಮಕ್ಕಳು ಹಾಗೇ ಬರೆದು ಎರಡಕ್ಕೆರಡು ತಗೊಂಡರು.

ಈರಮ್ಮ ಮಾತ್ರ "ನಾವು ಎಲ್ಲಿ ಬಿಡ್ತೀವೋ ಅದರ ಮೇಲೆ" ಅಂತ ಬರೆದಿದ್ದಳು. ಏನೋ ಬಾಯಿಗೆ ಬಂದದ್ದು ಬರೆದಿದ್ದಾಳೆ ಅಂದುಕೊಂಡು ಕೆಂಪು ಇಂಕಿನಲ್ಲಿ ದುಂಡಗೆ ಸೊನ್ನೆ ಸುತ್ತಿದೆ.

ಈರಮ್ಮ ಕುರಿ ಸಾಕುವ ಮನೆಯ ಹುಡುಗಿ. ಕೊನೇ ಬೆಂಚು, ಕಡಿಮೆ ಮಾತು. ಸೂರ್ಯಕಾಂತಿಗೆ ಗಿಳಿ ಬೀಳುವ ದಿನಗಳಲ್ಲಿ ಹೊಲ ಕಾಯಲು ಹೋಗುತ್ತಾಳೆ, ಶಾಲೆಗೆ ಚಕ್ಕರ್. ಆ ಸೊನ್ನೆ ಸೇರಿ ಅವಳಿಗೆ ಇಪ್ಪತ್ತೈದಕ್ಕೆ ಎಂಟು ಬಂತು. ಒಂಬತ್ತು ಬಂದಿದ್ದರೆ ಪಾರಾಗುತ್ತಿದ್ದಳು. ಬರಲಿಲ್ಲ. ನಿಧಾನ ಕಲಿಕೆಯವರ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರು ಅವಳದಾಯಿತು.

ಈ ಪಟ್ಟಿಯ ಬಗ್ಗೆ ಹೇಳಬೇಕು. ಶನಿವಾರ ಅದು ಹೆಡ್‌ಮಾಸ್ಟರ್ ಟೇಬಲ್ಲಿಗೆ ಹೋಗುತ್ತದೆ. ಅದರಲ್ಲಿ ಹೆಸರಿದ್ದವರಿಗೆ 'ಪಾಸಿಂಗ್ ಪ್ಯಾಕೇಜ್'. ಪರೀಕ್ಷೆಗೆ ಬಂದೇ ಬರುತ್ತವೆ ಅನ್ನುವ ಹತ್ತಾರು ಪ್ರಶ್ನೆ, ನಾಲ್ಕು ಚಿತ್ರ. ವರ್ಷವಿಡೀ ಅದನ್ನೇ ಉರು ಹೊಡೆಯಬೇಕು. ಮಿಕ್ಕವರು ಪ್ರಯೋಗ ಮಾಡುವಾಗ ಇವರು ಮೂಲೆಯ ರೂಮಿನಲ್ಲಿ ಕೂತು ಬರೆದದ್ದನ್ನೇ ಬರೆಯುತ್ತಿರಬೇಕು. ಹೆಡ್‌ಮಾಸ್ಟರನ್ನು ಬೈಯಬೇಡಿ, ಅವರಿಗೆ ಮೇಲಿನವರು ಕೇಳುವುದು ರಿಸಲ್ಟ್ ಒಂದನ್ನೇ. ಮತ್ತೆ, ವಿಜ್ಞಾನದ ಆ ಪ್ರಶ್ನೆಗಳನ್ನು ಆರಿಸಿಕೊಟ್ಟವಳು ನಾನೇ.

ಗುರುವಾರ ಪೇಪರ್ ಹಂಚಿದೆ. ಯಾವತ್ತೂ ಬಾಯಿ ಬಿಡದ ಈರಮ್ಮ ಎದ್ದು ನಿಂತಳು.

"ಮಿಸ್, ಇದು ಯಾಕೆ ತಪ್ಪು?"

"ಸ್ಪರ್ಶಕದ ದಿಕ್ಕು ಅಂತ ಬರೀಬೇಕಿತ್ತಮ್ಮ."

"ಸ್ಪರ್ಶಕ ಅಂದ್ರೆ ಯಾವ ಕಡೆ ಮಿಸ್?"

ಜಗಳದ ದನಿಯಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವ ದನಿ. ಕ್ಲಾಸಿಗೇ ಫಸ್ಟ್ ಬರುವ ಸಹನಾಳಿಗೆ, "ನೀನು ತೋರಿಸು" ಅಂದೆ. ಎರಡಕ್ಕೆರಡು ತೆಗೆದ ಸಹನಾ ಬೋರ್ಡಿಗೆ ಬಂದು ವೃತ್ತ ಬರೆದು, ಅದರ ನಡುವಿನಿಂದ ನೆಟ್ಟಗೆ ಹೊರಕ್ಕೆ ಒಂದು ಬಾಣ ಎಳೆದಳು. ಪೂರ್ತಿ ತಪ್ಪು. ಇನ್ನಿಬ್ಬರನ್ನು ಕರೆದೆ. ಅವರದೂ ಅದೇ ಬಾಣ.

ನನಗೆ ರೇಗಿತು. "ಬರ್ರಿ, ಹೊರಗೆ ಹೋಗಾಣ" ಅಂದೆ.

ಮುಂದಿನದು ನಿಮಗೆ ಗೊತ್ತು. ಮಕ್ಕಳನ್ನು ಹಿಂದೆ ನಿಲ್ಲಿಸಿ, ದಾರಕ್ಕೆ ಕಟ್ಟಿದ ಕಲ್ಲನ್ನು ತಲೆಯ ಮೇಲೆ ಗಿರ್ರನೆ ತಿರುಗಿಸಿ, ಅದು ಬೇವಿನ ಮರದ ನೇರಕ್ಕೆ ಬಂದ ಕೂಡಲೇ ದಾರ ಬಿಟ್ಟೆ. ಢಣ್! (ಮಕ್ಕಳನ್ನು ಎಡಗಡೆ ನಿಲ್ಲಿಸಿದ್ದರೆ?)

"ಹಂಗಲ್ಲ ಮಿಸ್" ಅಂತ ಹಿಂದಿನಿಂದ ಈರಮ್ಮ. "ಎದುರಿಗೆ ಬಂದಾಗ ಬಿಟ್ರೆ ಎಡಕ್ಕೆ ಹೋಗ್ತೈತೆ. ಬಲಗಡೆ ಇದ್ದಾಗ್ಲೇ ಬಿಡ್ಬೇಕು."

ಬ್ಯಾಗಿನಿಂದ ಕವಣೆ ತೆಗೆದಳು. ಎರಡು ಹುರಿ, ನಡುವೆ ಕಲ್ಲು ಕೂರಲು ಅಂಗೈಯಗಲದ ಪಟ್ಟಿ. (ಇದನ್ನು ಯಾಕೆ ಶಾಲೆಗೆ ತಂದೆ ಅಂತ ಗದರಬೇಕಿತ್ತು. ಗದರುವ ಸ್ಥಿತಿಯಲ್ಲಿ ನಾನಿರಲಿಲ್ಲ.) ಎರಡು ಸುತ್ತು ತಿರುಗಿಸಿ ಒಂದು ಹುರಿ ಬಿಟ್ಟಳು. ಕಲ್ಲು ಬೇವಿನ ಬೊಡ್ಡೆಗೆ ಟಪ್ ಅಂತ ಬಿತ್ತು. ಇನ್ನೊಂದು. ಅದೂ ಅಲ್ಲಿಗೇ.

ಇಪ್ಪತ್ತೆರಡು ವರ್ಷ ನಾನು ಬೋರ್ಡಿನ ಮೇಲೆ ಎಳೆದ ಬಾಣ ಸರಿಯಾಗಿಯೇ ಇತ್ತು. ಆದರೆ ಕಲ್ಲು ಕೈಗೆ ಬಂದಾಗ, ಮರದ ನೇರಕ್ಕೆ ಬಂದಾಗ ಬಿಟ್ಟ ಕಲ್ಲು ಮರಕ್ಕೇ ಹೋಗುತ್ತದೆ ಅಂತ ನನ್ನ ಕೈ ನಂಬಿತ್ತು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಅವಳ ಉತ್ತರವನ್ನು ಮತ್ತೆ ಓದಿಕೊಳ್ಳಿ. ನಾವು ಎಲ್ಲಿ ಬಿಡ್ತೀವೋ ಅದರ ಮೇಲೆ. ಬಿಟ್ಟ ಜಾಗ ಬದಲಾದರೆ ಸ್ಪರ್ಶಕವೂ ಬದಲು. ಅವಳಿಗೆ ಆ ಪದವೊಂದು ಗೊತ್ತಿರಲಿಲ್ಲ, ಅಷ್ಟೇ. ನನಗೆ ನಾಚಿಕೆಯಾಯಿತು.

"ಯಾರು ಕಲಿಸಿದ್ದೇ ನಿನಗೆ?" ಅಂದೆ.

"ಯಾರೂ ಇಲ್ಲ ಮಿಸ್. ಮೊದ್ಲು ನಮ್ಮ ಕುರೀಗೇ ಬೀಳ್ತಿತ್ತು. ಅಪ್ಪ ಬೈಯೋನು. ಆಮ್ಯಾಕೆ ಗೊತ್ತಾತು." ಕವಣೆಯ ಹುರಿ ಸರಿಮಾಡಿಕೊಳ್ಳುತ್ತಾ ಅವಳೇ ಕೇಳಿದಳು. "ಮಿಸ್, ಬಿಟ್ಟ ಮ್ಯಾಲೆ ಕಲ್ಲನ್ನ ಯಾರೂ ತಳ್ಳಲ್ಲ. ಆದ್ರೂ ಹೋಗ್ತೈತಲ್ಲ, ಯಾಕೆ?"

ಚಲನೆಯ ಮೊದಲನೇ ನಿಯಮ ಹುಟ್ಟಿದ್ದೇ ಈ ಪ್ರಶ್ನೆಗೆ. ನಾನು ಇಷ್ಟು ವರ್ಷ ಉತ್ತರ ಹೇಳುತ್ತಾ ಬಂದಿದ್ದೇನೆ, ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ಈ ಸಲ ಉತ್ತರ ಹೇಳಲು ಹೋಗಲಿಲ್ಲ. "ನಿನಗೇನು ಅನ್ನಿಸುತ್ತೆ?" ಅಂದೆ.

"ಹುರಿ ಹಿಡ್ಕಂಡಿತ್ತು ಅಂತ ಸುತ್ತುತಿತ್ತು. ಬಿಟ್ಟ ಮ್ಯಾಲೆ ತನ್ನ ಪಾಡಿಗೆ ಹೋಗ್ತೈತೇನೋ ಮಿಸ್." ತಕ್ಷಣ, ಗಾಳಿಯಿಂದ ಕರೆಂಟ್ ತೆಗೆಯುವ ಯಂತ್ರಗಳಿರುವ ಗುಡ್ಡದ ಕಡೆ ಕೈ ತೋರಿಸಿದಳು. "ಆ ಗಾಳಿ ಫ್ಯಾನಿನ ರೆಕ್ಕೆ ಕಳಚಿದ್ರೆ ಯಾವ ಕಡೆ ಬೀಳ್ತೈತೆ?"

ಅಷ್ಟರಲ್ಲಿ ಬೆಲ್ ಹೊಡೆಯಿತು. ಯಾರೂ ಕದಲಲಿಲ್ಲ. "ನಂಗೂ ಒಂದ್ಸಲ ಕೊಡೇ" ಅಂತ ಸಹನಾ ಕವಣೆಗೆ ಕೈ ಹಾಕಿದ್ದಳು. ಸಂಜೆ ಬಸ್ಸಿನಲ್ಲಿ ದುರ್ಗ ಮುಟ್ಟುವ ತನಕ ನಾನು ಕಿಟಕಿಯಾಚೆ ಗುಡ್ಡದ ಫ್ಯಾನುಗಳನ್ನೇ ನೋಡುತ್ತಿದ್ದೆ. ರೆಕ್ಕೆ ಮೇಲಿದ್ದಾಗ ಕಳಚಿದರೆ ಒಂದು ಕಡೆ, ಕೆಳಗಿದ್ದಾಗ ಕಳಚಿದರೆ ಇನ್ನೊಂದು ಕಡೆ. ಎಷ್ಟು ದೂರ? ಪಕ್ಕದ ಸೀಟಿನವರು ನನ್ನ ಬೆರಳು ಗಾಳಿಯಲ್ಲಿ ಸುತ್ತುವುದನ್ನು ನೋಡಿ ಸ್ವಲ್ಪ ಸರಿದು ಕೂತರು.

ಶನಿವಾರ ಹೆಡ್‌ಮಾಸ್ಟರ್ ಟೇಬಲ್ಲಿನ ಮೇಲೆ ಪಟ್ಟಿ ಇಟ್ಟೆ. ಕೊನೆಯ ಹೆಸರಿಗೆ ಅಡ್ಡಗೆರೆ ಎಳೆದಿದ್ದೆ.

"ಇದೇನು ಮೇಡಂ?"

"ಪೇಪರ್ ತಿದ್ದುವಾಗ ತಪ್ಪು ಮಾಡಿದ್ದೆ ಸರ್. ಅವಳಿಗೆ ಹತ್ತು ಬಂದಿದೆ."

ಸರಿ ಅಂತ ಸಹಿ ಮಾಡಲು ಅವರು ಪೆನ್ನು ತೆಗೆದರು. ನಾನು ಪಟ್ಟಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಸೋಮವಾರ ಕೊಡುತ್ತೇನೆ ಅಂದೆ.

ಇನ್ನುಳಿದ ಹತ್ತು ಜನರ ಕೈಗೆ ಏನೇನು ಗೊತ್ತೋ, ನಾನು ಕೇಳಿಯೇ ಇಲ್ಲವಲ್ಲ?