ಅರ್ಧ ಉಗುರಿನ ಗುರುತು

ಟೀಚರ್ ಅವರ ಬಲಗೈ ಹೆಬ್ಬೆರಳಿಗೆ ಇದ್ದದ್ದು ಅರ್ಧ ಉಗುರು. ಉಳಿದರ್ಧ ಬೋರಗಾಂವದ ಒಂದು ಮಗ್ಗದಲ್ಲಿ ಹೋಗಿತ್ತು. ಕಾಲೇಜಿನ ರಜೆಯಲ್ಲಿ ಅಪ್ಪನ ಬದಲಿಗೆ ಪವರ್‌ಲೂಮ್ ಮುಂದೆ ನಿಂತಾಗ ಆದದ್ದಂತೆ. ಆಮೇಲೆ ಬೆಳೆದ ಉಗುರು ದಪ್ಪಗೆ, ಬಾಗಿಕೊಂಡು, ಕವಡೆಯ ಅಂಚಿನಷ್ಟು ಗಟ್ಟಿಯಾಗಿತ್ತು. ನಮ್ಮ ಅಭ್ಯಾಸದ ವಹಿಯಲ್ಲಿ ತಪ್ಪು ಕಂಡರೆ ಅವರು ಕೆಂಪು ಪೆನ್ನು ತೆಗೆಯುತ್ತಿರಲಿಲ್ಲ. ಆ ಸಾಲಿನ ಪಕ್ಕದ ಖಾಲಿ ಅಂಚಿನಲ್ಲಿ ಅರ್ಧ ಉಗುರನ್ನು ಒತ್ತುತ್ತಿದ್ದರು. ಕಾಗದದಲ್ಲಿ ಸಣ್ಣದೊಂದು ತಗ್ಗು ಬೀಳುತ್ತಿತ್ತು. ತಪ್ಪು ಏನೆಂದು ಹೇಳುತ್ತಿರಲಿಲ್ಲ. ಅದನ್ನು ಹುಡುಕಬೇಕಾದವರು ನಾವು. ಸಿಕ್ಕ ಮೇಲೂ ರಬ್ಬರಿನಿಂದ ಅಳಿಸುವಂತಿರಲಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು, ಮೊದಲು ಹಾಗೆ ಯಾಕೆ ಅಂದುಕೊಂಡೆ ಎಂದು ಒಂದು ಸಾಲು ಸೇರಿಸಬೇಕು.

"ಒಂದ ಗೆರಿ. ಎರಡ ಬ್ಯಾಡ. ಕೆಳಗ ಇದ್ದದ್ದು ಓದಾಕ ಬರಬೇಕು" ಎನ್ನುತ್ತಿದ್ದರು.

ಹೋದ ವಾರ ನಾನು ಓದಿದ ಶಾಲೆಯಿಂದ, ಅಂದಿನ ಹೆಡ್ ಸರ್ ಅವರೇ ಫೋನ್ ಮಾಡಿದ್ದರು. ಶಾಲೆಯ ಸ್ಮರಣ ಸಂಚಿಕೆ ಬರುತ್ತಿದೆಯಂತೆ. ತೀರಿಕೊಂಡ ಟೀಚರ್ ಬಗ್ಗೆ ನಾನೊಂದು ಪುಟ ಬರೆದುಕೊಡಬೇಕಂತೆ. "ಛಲೋ ಛಲೋದಷ್ಟ ಬರೀ ತಂಗಿ, ಹಳೇದೆಲ್ಲ ಈಗ್ಯಾಕ" ಎಂದರು. ಆಗಲಿ ಸರ್ ಎಂದು ಫೋನಿಟ್ಟೆ. ಇಟ್ಟ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಆ ಶಾಲೆಗೆ ಹೂಂ ಅನ್ನುವುದು ನನಗೆ ಹನ್ನೊಂದನೇ ವಯಸ್ಸಿನಿಂದ ರೂಢಿಯಾಗಿಬಿಟ್ಟಿದೆ. ಈ ಸಲ ಹಳೆಯದನ್ನೇ ಬರೆಯುತ್ತೇನೆ. ನನ್ನ ನೆನಪನ್ನು ಎಷ್ಟು ನಂಬಬೇಕೋ ನನಗೆ ಗೊತ್ತಿಲ್ಲ. ಆದರೆ ಆರನೇ ಇಯತ್ತೆಯ ಗಣಿತದ ವಹಿ ಇನ್ನೂ ನನ್ನ ಹತ್ತಿರ ಇದೆ. ಅದನ್ನು ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಅದು ಕಾಗವಾಡದ ಕಡೆಯ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ. ಉಗಾರ ಬುದ್ರುಕದಿಂದ ನಾವು ಹಳದಿ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಬ್ಬು, ದ್ರಾಕ್ಷಿ ಇದ್ದವರ ಮಕ್ಕಳೇ ಹೆಚ್ಚು. ಕೂಲಿಗೆ ಹೋಗುವವರ ಮಕ್ಕಳು ನಾಲ್ಕೈದು ಮಂದಿ. ಉಳಿದ ತರಗತಿಗಳಲ್ಲಿ ಪಾಠ ಮುಗಿದ ಕೂಡಲೇ ಬೋರ್ಡಿನ ಮೇಲೆ ಪ್ರಶ್ನೋತ್ತರ ಬೀಳುತ್ತಿತ್ತು. ಮಕ್ಕಳು ನಕಲು ಮಾಡುತ್ತಿದ್ದರು, ಎಲ್ಲರ ವಹಿಯೂ ಒಂದೇ ತರಹ, ಮದುವೆಯ ಪತ್ರಿಕೆಗಳ ಹಾಗೆ. ಆರನೇ ಇಯತ್ತೆಯ ಗಣಿತ, ವಿಜ್ಞಾನ, ಸಮಾಜ ಮೂರೂ ಟೀಚರ್ ಅವರದೇ. ಹಿಂದಿಯವರು ರಜೆ ಹಾಕಿದರೆ ಹಿಂದಿಯೂ. ಅವರು ಯಾವ ವಿಷಯದಲ್ಲೂ ಬೋರ್ಡಿನ ಮೇಲೆ ಉತ್ತರ ಬರೆದವರಲ್ಲ. ಪ್ರಶ್ನೆ ಬರೆದು ಸೀಮೆಸುಣ್ಣ ಕೆಳಗಿಟ್ಟುಬಿಡುತ್ತಿದ್ದರು.

ಹೀಗಾಗಿ ನಮ್ಮ ವಹಿಗಳ ತುಂಬ ತಪ್ಪುಗಳು. ಬಟ್ಟೆಯ ಪಾಠದಲ್ಲಿ ನಾನು ಹತ್ತಿ ಬೆಳೆಯುವುದು ಬೋರಗಾಂವದಲ್ಲಿ ಎಂದು ಬರೆದಿದ್ದೆ, ನಮ್ಮ ಮನೆಗೆ ಬಟ್ಟೆ ಬರುತ್ತಿದ್ದದ್ದು ಅಲ್ಲಿಂದ. ಸಮಾಜದಲ್ಲಿ ನಮ್ಮ ರಾಜ್ಯದ ಗಡಿಯ ಆಚೆ ಏನಿದೆ ಎಂಬ ಪ್ರಶ್ನೆಗೆ ಕಾಗವಾಡದ ಹುಡುಗನೊಬ್ಬ "ನಮ್ಮ ಆಯಿಯ ಮನೆ" ಎಂದು ಬರೆದಿದ್ದ. ಅವನ ಅಜ್ಜಿಯ ಊರು ನಿಜಕ್ಕೂ ಗಡಿಯ ಆಚೆಗಿತ್ತು, ಅದಕ್ಕೆ ಮಾತ್ರ ಟೀಚರ್ ಉಗುರು ಒತ್ತಲಿಲ್ಲ. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನು ಕಲಿಸಲು ನಮ್ಮನ್ನು ಕೃಷ್ಣಾ ನದಿಯ ಘಟ್ಟಕ್ಕೆ ಕರೆದೊಯ್ದರು. ಮೂರನೇ ಮೆಟ್ಟಿಲನ್ನು ಸೊನ್ನೆ ಎಂದು ಕರೆದು, ಮೇಲಕ್ಕೂ ನೀರಿನ ಕಡೆಗೂ ನಮ್ಮನ್ನು ಹತ್ತಿಸಿ ಇಳಿಸಿದರು. ಪಿಷ್ಟ ಯಾವುದರಲ್ಲಿದೆ ಎಂದು ನೋಡಲು ಊಟದ ಡಬ್ಬಿಯ ಅನ್ನ, ರೊಟ್ಟಿ, ಶೇಂಗಾ ಚಟ್ನಿಯ ಮೇಲೆಲ್ಲ ಅಯೋಡಿನ್ ಹನಿ ಹಾಕಿಸಿದ್ದರು. ಆ ದಿನ ಅರ್ಧ ತರಗತಿ ಉಪವಾಸ. ಟೀಚರ್ ತಮ್ಮ ಡಬ್ಬಿಯನ್ನು ನಮಗೆ ಹಂಚಿದರು, ಅದರಲ್ಲಿ ಇದ್ದದ್ದೇ ಎರಡು ರೊಟ್ಟಿ.

ಈಗ ವಹಿಯ ಮಾತಿಗೆ ಬರುತ್ತೇನೆ. ದಶಮಾಂಶದ ಅಧ್ಯಾಯ. 2.30ಕ್ಕೆ 1.20 ಕೂಡಿಸು. ನಾನು ಬರೆದದ್ದು 4.10. ಪಕ್ಕದಲ್ಲಿ ಉಗುರಿನ ಗುರುತು ಇದೆ. ಎರಡು ದಿನ ಹುಡುಕಿದರೂ ನನಗೆ ತಪ್ಪು ಸಿಗಲಿಲ್ಲ. ನಂದು ಬರೋಬ್ಬರಿ ಐತ್ರಿ ಎಂದು ವಾದಿಸಿದೆ. ಹೇಗೆ ಎಂದು ಕೇಳಿದರು. ಮರುದಿನ ಅಪ್ಪನ ಕಪಾಟಿನಿಂದ ಹೊಲದ ಪಹಣಿ ಉತಾರ ಕದ್ದು ತಂದು ಅವರ ಮೇಜಿನ ಮೇಲೆ ಇಟ್ಟೆ. ನಮ್ಮ ಹೊಳೆಯ ಹೊಲ ಎರಡು ಎಕರೆ ಮೂವತ್ತು ಗುಂಟೆ, ದ್ರಾಕ್ಷಿ ಪಡ ಒಂದು ಎಕರೆ ಇಪ್ಪತ್ತು ಗುಂಟೆ. ಮನೆಯಲ್ಲಿ ಎಲ್ಲರೂ ಚುಕ್ಕೆ ಇಟ್ಟೇ ಬರೆಯುತ್ತಿದ್ದರು, ನಲವತ್ತು ಗುಂಟೆಗೆ ಒಂದು ಎಕರೆ. ಮೂವತ್ತಕ್ಕೆ ಇಪ್ಪತ್ತು ಕೂಡಿದರೆ ಐವತ್ತು, ಅದರಲ್ಲಿ ನಲವತ್ತು ಹೋಗಿ ಒಂದು ಎಕರೆ ಆಯಿತು, ಉಳಿದದ್ದು ಹತ್ತು.

ಟೀಚರ್ ಉತಾರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. "ನಮ್ಮ ಹೆಸರಿಲೆ ಒಂದ ಗುಂಟೆನೂ ಇಲ್ಲ ನೋಡ, ಅದಕ್ಕ ನಂಗ ಹೊಳೀಲಿಲ್ಲ" ಎಂದರು. ಇಡೀ ತಾಸು ಅದೇ ಪಾಠವಾಯಿತು. ಒಂದು ಎಕರೆಯನ್ನು ನಲವತ್ತು ಚೂರು ಮಾಡುವುದು ಬೇರೆ, ಒಂದನ್ನು ನೂರು ಚೂರು ಮಾಡುವುದು ಬೇರೆ. ಲೆಕ್ಕ ತಪ್ಪು, ನಿನ್ನ ತಿಳುವಳಿಕೆ ತಪ್ಪಲ್ಲ ಎಂದರು. ನಾನು 4.10ರ ಮೇಲೆ ಒಂದು ಗೆರೆ ಎಳೆದು ಕೆಳಗೆ 3.50 ಬರೆದೆ. ಯಾಕೆ ಎಂಬ ಸಾಲಿನ ಜಾಗದಲ್ಲಿ ನನ್ನದು ಅರ್ಧ ಪುಟವಿದೆ. ಅದರ ಕೆಳಗೆ ಟೀಚರ್ ಕೈಬರಹ: "ಇದು ನನಗೂ ಹೊಸದು." ಇಷ್ಟು ನೆನಪಿನಿಂದ ಹೇಳುತ್ತಿಲ್ಲ, ಎದುರಿಗೇ ಇದೆ.

ಜನವರಿಯಲ್ಲಿ ಪಾಲಕರ ಸಭೆ. ಅದಕ್ಕೆ ಮುಂಚೆ ಹೆಡ್ ಸರ್ ಎಲ್ಲ ವಹಿಗಳನ್ನೂ ತರಿಸಿ ನೋಡಿದರು. ಆರನೇ ಇಯತ್ತೆಯವು ಅವರಿಗೆ ಗಾಬರಿ ಹುಟ್ಟಿಸಿರಬೇಕು. ಟೀಚರ್ ಅವರ ಮೂರೂ ವಿಷಯಗಳಿಗೆ ಹೊಸ ವಹಿ ತಂದು, ಗೈಡ್ ನೋಡಿ ಫೇರ್ ಬರೆಯಬೇಕು, ಹಳೆಯವನ್ನು ಶಾಲೆಗೆ ಒಪ್ಪಿಸಬೇಕು ಎಂದು ಆದೇಶವಾಯಿತು. ಟೀಚರ್ ಆಗುವುದಿಲ್ಲ ಎಂದರು. ಹಾಗಾದರೆ ಜೂನ್‌ನಲ್ಲಿ ನಿಮ್ಮ ಜಾಗದ ಬಗ್ಗೆ ನಾವು ವಿಚಾರ ಮಾಡಬೇಕಾಗುತ್ತದೆ ಎಂದು ಅವರಿಗೆ ಹೇಳಲಾಯಿತು. ಇದು ನಮಗೆ ಗೊತ್ತಾದದ್ದು ಆಫೀಸಿನ ಕಿಟಕಿಯ ಕೆಳಗೆ ಕೈ ತೊಳೆಯುವ ನಳ ಇದ್ದದ್ದರಿಂದ. ಅವರು ತರಗತಿಗೆ ಬಂದು ತಮ್ಮ ನೌಕರಿಯ ಸುದ್ದಿ ಎತ್ತಲಿಲ್ಲ. ಇಷ್ಟೇ ಹೇಳಿದರು: "ತಪ್ಪ ಆದ್ರೂ ಅದು ನಿಮ್ಮದು. ಉತ್ತರ ಆ ಗೈಡಿಂದು. ಯಾವ ವಹಿ ಇಟ್ಕೋತೀರಿ ನೀವ ನೋಡ್ರಿ."

ನಮ್ಮ ಅಪ್ಪ ಶಾಲೆಯ ಕಮಿಟಿಯಲ್ಲಿದ್ದರು. ಸಂಜೆ ಹೊಸ ವಹಿಗಳೂ ಗೈಡೂ ಮನೆಗೆ ಬಂದವು. ನಾಲ್ಕು ದಿನ ಕೂತು ಬರೆದೆ. ಒತ್ತಾಯಕ್ಕೆ ಬರೆದೆ ಎಂದು ಹೇಳಬಹುದು. ಆದರೆ ನನಗೆ ನೆನಪಿರುವುದು ಬೇರೆ: ಚೊಕ್ಕ ಪುಟದ ಮೇಲೆ ಚೊಕ್ಕ ಅಕ್ಷರ ಬೀಳುವಾಗ ನನಗೆ ಹಿತವಾಗಿತ್ತು.

ಸಭೆಯ ದಿನ ಪಾಲಕರು ಹಿಂದಿನ ಕುರ್ಚಿಗಳಲ್ಲಿ, ನಾವು ಮುಂದಿನ ಬೆಂಚುಗಳಲ್ಲಿ. ಹೆಡ್ ಸರ್ ನನ್ನ ಫೇರ್ ವಹಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಮನಸ್ಸು ಮಾಡಿದರೆ ಈ ತರಗತಿಯ ಮಕ್ಕಳಿಗೂ ಬರುತ್ತದೆ, ಮಾಡಿಸುವವರು ಬೇಕು ಎಂದರು. ಅದು ಯಾರ ಮೇಲಿನ ಏಟು ಎಂದು ಎಲ್ಲರಿಗೂ ತಿಳಿಯಿತು. ಟೀಚರ್ ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ಬೋರ್ಡಿನ ಮೇಲೆ 2.30, ಅದರ ಕೆಳಗೆ 1.20 ಬರೆದು ನಮ್ಮ ಅಪ್ಪನ ಕಡೆ ತಿರುಗಿದರು.

"ಅಣ್ಣಾರ, ಹೊಳಿ ಹೊಲ ಎರಡ ಎಕರೆ ಮೂವತ್ತ ಗುಂಟೆ. ದ್ರಾಕ್ಷಿ ಪಡ ಒಂದ ಎಕರೆ ಇಪ್ಪತ್ತ. ಕೂಡಿಸಿದ್ರ ಎಷ್ಟ ಆಗತೈತ್ರಿ?"

"ನಾಕ ಎಕರೆ ಹತ್ತ ಗುಂಟೆ" ಎಂದರು ಅಪ್ಪ, ಕಣ್ಣು ಮಿಟುಕಿಸುವಷ್ಟರಲ್ಲಿ.

ಟೀಚರ್ 4.10 ಎಂದು ಬರೆದರು. "ನಿಮ್ಮ ಮಗಳೂ ಹಂಗ ಬರದಿದ್ಲ್ರಿ. ಪುಸ್ತಕದ ಪ್ರಕಾರ ತಪ್ಪ. 3.50 ಆಗಬೇಕು. ಆ ಫೇರ್ ವಹಿಯೊಳಗ 3.50 ಐತಿ, ಖರೆ. ಆದ್ರ ಯಾಕ ಅನ್ನೂದು ಹಳೀ ವಹಿಯೊಳಗಷ್ಟ ಐತ್ರಿ."

ಹಿಂದಿನ ಕುರ್ಚಿಯಿಂದ ಯಾರೋ ಅಪ್ಪನನ್ನು ತೋರಿಸಿ, ಹಂಗಾದ್ರ ಪಾಟೀಲ್ರನ್ನೂ ಆರನೇತ್ತೆಗೆ ಕುಂದರಸ್ರಿ ಎಂದರು. ಜನ ನಕ್ಕರು. ಅಪ್ಪನೂ ನಕ್ಕರು. ಟೀಚರ್ ಗೆದ್ದರು ಎಂದೇ ನಾನು ಅಂದುಕೊಂಡೆ. ಹೆಡ್ ಸರ್ ನಗಲಿಲ್ಲ. ನಮ್ಮ ಕಡೆ ತಿರುಗಿ, ಫೇರ್ ಬರೆಯದವರು ಎದ್ದು ನಿಲ್ಲಿ, ಬರೆಯುತ್ತೇವೆ ಎಂದು ಹೇಳಿ ಕೂತುಕೊಳ್ಳಿ ಎಂದರು.

ಇಲ್ಲಿಂದ ಮುಂದಿನದನ್ನು ನಾನು ಧಾರವಾಡದ ಹಾಸ್ಟೆಲ್‌ನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಾನು ಎದ್ದು ನಿಂತೆ, ನನ್ನ ಫೇರ್ ವಹಿ ನನಗೆ ಬೇಡ, ಹಳೆಯದನ್ನು ಕೊಡುವುದಿಲ್ಲ ಎಂದೆ, ನನ್ನ ಹಿಂದೆ ಏಳೆಂಟು ಮಂದಿ ನಿಂತರು. ಎಂ.ಎ. ಮುಗಿಯುವ ವರ್ಷ ವಿಭಾಗದ ಪತ್ರಿಕೆಗೆ ಟೀಚರ್ ಬಗ್ಗೆ ಲೇಖನ ಬರೆದಾಗಲೂ ಹೀಗೆಯೇ ಬರೆದೆ. ಬರೆದು ಬರೆದು ಅದು ನನಗೆ ಕಾಣಿಸತೊಡಗಿತ್ತು. ಬೆಂಚಿನಿಂದ ಏಳುವಾಗ ಮೊಣಕಾಲು ತಾಗಿದ್ದು ಕೂಡ.

ಆ ಪತ್ರಿಕೆ ಹಿಡಿದುಕೊಂಡು ಹೋದ ವರ್ಷ ಮಂಗಸೂಳಿಗೆ ಹೋದೆ. ಸಭೆಯಾದ ವರ್ಷದ ಜೂನ್‌ನಲ್ಲೇ ಕೆಲಸ ಹೋದ ಮೇಲೆ ಟೀಚರ್ ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆ ಶಾಲೆಯ ಕಡೆ ಮತ್ತೆ ಕಾಲಿಡಲಿಲ್ಲ. ಅರ್ಜಿ ಕೊಟ್ಟರೆ ಮರಳಿ ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಒಮ್ಮೆ ಹೇಳಿಕಳಿಸಿದ್ದರಂತೆ. ಏನಂತ ಅರ್ಜಿ ಬರೆಯಲಿ ಎಂದು ಟೀಚರ್ ಕೇಳಿದರಂತೆ. ನಾನು ಹೋದಾಗ ಕಾಯಿಲೆಯಿಂದ ಅರ್ಧ ಇಳಿದುಹೋಗಿದ್ದರು. ಮಂಚದ ಸುತ್ತ ಹುಡುಗಿಯರು ಚಾಪೆ ಹಾಸಿಕೊಂಡು ಭಿನ್ನರಾಶಿ ಮಾಡುತ್ತಿದ್ದರು. ಟೀಚರ್ ಕನ್ನಡಕ ಹಾಕಿಕೊಂಡು ನನ್ನ ಲೇಖನವನ್ನು ಪೂರ್ತಿ ಓದಿದರು. ಆಮೇಲೆ ಪುಟ ತಿರುಗಿಸಿ, ಒಂದು ಸಾಲಿನ ಪಕ್ಕ ಉಗುರು ಒತ್ತಿ, ನನ್ನ ಕೈಗೆ ಕೊಟ್ಟು, ಒಬ್ಬ ಹುಡುಗಿಗೆ ಚಹಾ ಇಡಲು ಹೇಳಿದರು.

ಯಾವ ಸಾಲು ಎಂದು ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ಚಹಾ ಕುಡಿದು ಎದ್ದೆ. ಹೊಸ್ತಿಲ ಹತ್ತಿರ ಬಂದು ಚಪ್ಪಲಿ ಮೆಟ್ಟುವಾಗ ಹೇಳಿದೆ.

"ನಾ ನಿಂತಿರಲಿಲ್ರಿ ಟೀಚರ್."

"ಗೊತ್ತೈತಿ. ಹರದ ಒಗೀಬ್ಯಾಡ. ಒಂದ ಗೆರಿ ಎಳಿ."

ಅದಾಗಿ ತಿಂಗಳೊಳಗೆ ಅವರು ಹೋದರು.

ನಿಂತವಳು ನನ್ನ ಬೆಂಚಿನ ಗೆಳತಿ. ಅವಳ ಅಪ್ಪ ಅವ್ವ ಇಬ್ಬರೂ ಪರರ ಕಬ್ಬಿನ ಹೊಲದಲ್ಲಿ ದುಡಿಯುತ್ತಿದ್ದವರು. "ನಾ ಬರಿಯೂದಿಲ್ರಿ" ಎಂದು ಅವಳು ಹೇಳಿದ್ದು ನನ್ನ ಎಡಗಿವಿಗೆ ಕೇಳಿಸಿತ್ತು. ಅವಳ ಹಿಂದೆ ಇನ್ನೂ ಕೆಲವರು ನಿಂತರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅಪ್ಪ ಹಿಂದಿನಿಂದ ಒಂದು ಮಾತು ಹೇಳಿದ್ದರೆ ಟೀಚರ್ ಉಳಿಯುತ್ತಿದ್ದರು. ಅಪ್ಪ ಹೇಳಲಿಲ್ಲ. ನಾನು ಎದ್ದಿದ್ದರೆ ಅಪ್ಪ ಹೇಳುತ್ತಿದ್ದರೋ ಏನೋ.

ಆ ಗೆಳತಿ ಈಗ ರಾಯಬಾಗದ ಕಡೆ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಇದನ್ನು ಬರೆಯುವ ಮುಂಚೆ ಫೋನ್ ಮಾಡಿ ಕೇಳಿದೆ. ನಿಂತದ್ದೇ ಅವಳಿಗೆ ನೆನಪಿಲ್ಲ. "ಯಾರರ ನಿಂತಿರಬೇಕ ಬಿಡ" ಎಂದಳು. ನಾನು ಬಿಡಲಿಲ್ಲ. ಆಗ ನಕ್ಕು, "ನಮ್ಮ ಮನ್ಯಾಗ ಗೈಡ ಇರಲಿಲ್ಲ ಮಾರಾಯ್ತಿ. ಫೇರ್ ಎಲ್ಲಿಂದ ನೋಡಿ ಬರೀಲಿ?" ಎಂದಳು. ಫೋನಿಡುವ ಮುಂಚೆ, ತನ್ನ ತರಗತಿಯಲ್ಲೂ ರಬ್ಬರ್ ಇಲ್ಲ ಎಂದಳು.

ಸರ್, ನೀವು ಕೇಳಿದ ಪುಟ ಇದು. ಛಲೋದಷ್ಟೇ ಬರೆಯಲು ನನಗೆ ಬರುತ್ತದೆ, ನಿಮಗೇ ಗೊತ್ತು. ನಾಲ್ಕು ದಿನದಲ್ಲಿ ಮೂರು ವಹಿ ಬರೆದುಕೊಟ್ಟವಳು ನಾನು. ಆ ಮೂರರಲ್ಲಿ ಒಂದೂ ಇವತ್ತು ಎಲ್ಲಿದೆ ಎಂದು ನನಗೆ ಗೊತ್ತಿಲ್ಲ, ಅವುಗಳಲ್ಲಿ ಬರೆದದ್ದು ಒಂದಕ್ಷರ ನನ್ನಲ್ಲಿ ಉಳಿದಿಲ್ಲ. ಆರನೇ ಇಯತ್ತೆಯಲ್ಲಿ ಕಲಿತದ್ದು ಅಂತ ಏನಾದರೂ ಇದ್ದರೆ ಅದು ಈ ಹಳೆಯ ವಹಿಯಲ್ಲಿದೆ. ಅಂದು ಅದನ್ನು ನಿಮಗೆ ಒಪ್ಪಿಸಲಿಲ್ಲ, ಬೆನ್ನಿಗೆ ಹಾಕುತ್ತಿದ್ದ ದಪ್ತರದ ತಳದಲ್ಲಿ ಮುಚ್ಚಿಟ್ಟುಕೊಂಡೆ. ನಾನು ಮಾಡಿದ ಧೈರ್ಯ ಅಷ್ಟೇ. ಅದನ್ನು ಯಾರೂ ನೋಡಲಿಲ್ಲ.

ಇದನ್ನು ಅಚ್ಚು ಹಾಕುವುದಾದರೆ, ನಾನು ಎದ್ದು ನಿಂತೆ ಎಂದು ಬರೆದು ಒಂದೇ ಗೆರೆ ಎಳೆದ ಸಾಲುಗಳ ಸಮೇತ ಹಾಕಿ. ಇಲ್ಲವಾದರೆ ಬಿಡಿ. ಫೇರ್ ಪ್ರತಿ ನಾನು ಕೊಡುವುದಿಲ್ಲ. ಇದರಲ್ಲೂ ತಪ್ಪು ಇರಬಹುದು, ಎಲ್ಲಿ ಎಂದು ಹೇಳಬಲ್ಲವರು ಈಗ ಇಲ್ಲ. ಆದರೂ ಎಡಗಡೆ ಅಂಚನ್ನು ಖಾಲಿ ಬಿಟ್ಟಿದ್ದೇನೆ.