ಗೆಳೆಯನ ಅಮ್ಮನ ಕಾಯಿ

ಮೊನ್ನೆಯಿಂದ ನನ್ನ ಮೇಜಿನ ಮೇಲೆ ಒಂದು ತೆಂಗಿನಕಾಯಿ ಕೂತಿದೆ. ಜುಟ್ಟು ಬಿಟ್ಟು ಸುಲಿದದ್ದು. ಹಸಿ ಸಿಪ್ಪೆಯ ವಾಸನೆ ಇನ್ನೂ ಪೂರ್ತಿ ಆರಿಲ್ಲ. ಪೇಪರು ಹಿಡಿದು ಕೂತರೆ ಆ ವಾಸನೆ ಮೂಗಿಗೆ ಬರುತ್ತದೆ, ಓದು ಅಲ್ಲಿಗೆ ಮುಗಿಯಿತು. ಸೊಸೆ ಬಂದು, "ಮಾವಾ, ಅದ್ನ ಚಟ್ನಿಗೆ ಒಡೆಯಲಕ್ಕಾ?" ಎಂದು ಕೇಳಿದಳು. ಇನ್ನೊಮ್ಮೆ ಬಂದು ಕೇಳಿದಾಗ ರೇಗಿಬಿಟ್ಟೆ. ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು? ಅದು ಅಡಿಗೆಯ ಕಾಯಲ್ಲ. ಅದನ್ನು ಕೊಡಬೇಕೋ ಬೇಡವೋ ಎಂಬುದೇ ನನಗೆ ಬಗೆಹರಿಯದೆ ಇಲ್ಲಿ ಕೂತಿದೆ.

ಈ ಕಾಯಿಯ ಕತೆ ಒಬ್ಬ ಗೆಳೆಯನದು. ಅವನು ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ. ಅರವತ್ತರ ದಶಕದ ಮೊದಲ ವರ್ಷಗಳು. ಪೂರ್ವ ಆಫ್ರಿಕದ ಕಡಲತೀರದ ಒಂದು ಪಟ್ಟಣದಿಂದ ವಿದ್ಯಾರ್ಥಿವೇತನ ಪಡೆದು ಓದಲು ಬಂದಿದ್ದ. ನಮ್ಮ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು "ಸಾಕ್ರಿ", "ಬ್ಯಾಡ್ರಿ", "ಖಾರ ಭಾಳ ಆತ್ರಿ" ಇಷ್ಟೇ. ಅಷ್ಟರಲ್ಲೇ ಖಾನಾವಳಿಯ ಅಕ್ಕನವರ ಮನಸ್ಸು ಗೆದ್ದುಬಿಟ್ಟಿದ್ದ. ಆದರೆ ಬೀದಿಗಿಳಿದರೆ ಮಕ್ಕಳು ಹಿಂದೆ ಬೀಳುತ್ತಿದ್ದರು, ದೊಡ್ಡವರು ನಿಂತು ನೋಡುತ್ತಿದ್ದರು. ಮಾತಾಡಿಸಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿಮ್ಮೂರಲ್ಲಿ ಸಿಂಹ ಮನೆ ಬಾಗಿಲಿಗೇ ಬರುತ್ತದಂತೆ ಹೌದೇ?

ಅವನು ಸಿಂಹ ಹೋಗಲಿ, ಒಂದು ಜಿಂಕೆಯನ್ನೂ ಕಂಡವನಲ್ಲ! ಅವನ ದೇಶದಲ್ಲಿ ಕಾಡುಪ್ರಾಣಿ ನೋಡಲು ಹೋಗುತ್ತಿದ್ದವರು ಮೋಟಾರು ಇದ್ದ ಬಿಳಿಯರು. ಬಂದರಿನ ಓಣಿಯಲ್ಲಿ ಬೆಳೆದ ಇವನು ಕಂಡದ್ದು ಕಾಗೆ ಮತ್ತು ಆಡು. "ನೀನು ಕಾಡಿನ ಊರಿನವನು ಅನ್ನುತ್ತೀಯಲ್ಲ, ತೋರಿಸು ನೋಡೋಣ" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೆಣಕುತ್ತಿದ್ದ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಾತ್ರ ಅವನ ಕೆಣಕು ನಿಂತುಹೋಗಿತ್ತು. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಪರೀಕ್ಷೆಯ ಚಿಂತೆ ಇರಬೇಕು ಅಂದುಕೊಂಡೆ. ಒಂದು ಶನಿವಾರ ಕ್ಲಾಸು ಮುಗಿದದ್ದೇ ಅವನನ್ನು ಎಳೆದುಕೊಂಡು ಯಲ್ಲಾಪುರದ ಬಸ್ಸು ಹತ್ತಿದೆ.

ನನ್ನ ತಂದೆ ಆಗ ಯಲ್ಲಾಪುರದಲ್ಲಿ ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ಕಾರಕೂನರು. ಮನೆಯಲ್ಲಿ ಮಡಿ ಇತ್ತು. ಪರಜಾತಿಯವರಿಗೆ ಊಟ ಹೊರಗೆ ಜಗಲಿಯಲ್ಲಿ. ಅಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಜಗಲಿಯಲ್ಲಿ ಎರಡು ಬಾಳೆ ಎಲೆ ಹಾಕಿದಳು.

"ನೀನೂ ಅವನ ಸಂತಿಗೇ ಇಲ್ಲೇ ಕೂತ್ಗ" ಎಂದಳು ನನಗೆ. "ಒಬ್ನೇ ಉಂಬಲೆ ಅವಂಗೆ ಬೇಜಾರಾಗ್ತು."

ಶಾಸ್ತ್ರವನ್ನೂ ಬಿಡಲಿಲ್ಲ, ಮಗನ ಗೆಳೆಯನನ್ನೂ ಬಿಡಲಿಲ್ಲ. ಅವಳಿಗೆ ಆಗುವಷ್ಟನ್ನು ಅವಳು ಮಾಡಿದಳು. ಅವನು ಹಾಲುಪಾಯಸವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡ.

ಮರುದಿನ ನಸುಕಿನಲ್ಲಿ ತಂದೆ ನಮ್ಮನ್ನು ಡಿಪೋದ ಗಾಡಿ ಹೊಡೆಯುವ ಒಬ್ಬನ ಜೊತೆ ಮಾಡಿ ಕಳಿಸಿದರು. ಅವನು ಸಿದ್ದಿ ಜನದವನು, ಕಾಡೊಳಗಿನ ಒಂದು ಕೇರಿಯಲ್ಲಿ ಮನೆ. ಅವರ ಹಿರಿಯರೂ ತಲೆಮಾರುಗಳ ಹಿಂದೆ ಆಫ್ರಿಕದಿಂದಲೇ ಬಂದವರು ಎಂಬುದು ನನಗೆ ಗೊತ್ತಿತ್ತು. ಆದರೆ ಗೆಳೆಯನಿಗೆ ಹೇಳಬೇಕೆಂದು ಹೊಳೆದೇ ಇರಲಿಲ್ಲ ನೋಡಿ. ಕೇರಿಗೆ ಕಾಲಿಟ್ಟ ಕೂಡಲೇ ಅವನು ನಿಂತುಬಿಟ್ಟ. ಅಂಗಳ ಗುಡಿಸುತ್ತಿದ್ದ ಹೆಂಗಸರೂ ನಿಂತರು. ಯಾರೋ ಕೊಂಕಣಿಯಲ್ಲಿ ಏನೋ ಕೇಳಿದರು, ಇವನು ಸುಮ್ಮನೆ ನಕ್ಕ.

"ಯಾರ ಮನಿ ಹುಡ್ಗನೇ ಇಂವ? ಪ್ಯಾಟೆ ಸೇರಿ ಮಾತೇ ಮರ್ತಾನೆ!" ಎಂದು ಒಬ್ಬಾಕೆ ಮೂತಿ ತಿರುವಿದಳು.

ಬಂದು ಇಷ್ಟು ದಿನವಾದರೂ ಈ ದೇಶದಲ್ಲಿ ಅವನನ್ನು ಯಾರೂ "ಯಾರ ಮನೆಯವನು" ಎಂದು ಕೇಳಿರಲಿಲ್ಲ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವನು ದೊಡ್ಡದಾಗಿ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ.

ಕಾಡಿನಲ್ಲಿ ಬಹಳ ಹೊತ್ತು ಏನೂ ಕಾಣಲಿಲ್ಲ. ಹೆಜ್ಜೆ ಗುರುತು, ಸಗಣಿ, ಕಾಲಿಗೆ ಹತ್ತಿ ರಕ್ತ ಹೀರಿದ ಇಂಬಳ... ಅಷ್ಟೇ. ನನಗೆ ಮಾನ ಹೋಗುವ ಹೆದರಿಕೆ. ಕಡೆಗೆ ಒಂದು ಬಿದಿರುಮೆಳೆಯ ಆಚೆ ಗಾಡಿಯವನು ಕೈ ಎತ್ತಿ ನಮ್ಮನ್ನು ತಡೆದ. ಬಯಲಿನಲ್ಲಿ ಕಾಡುಕೋಣಗಳ ಹಿಂಡು! ಕರ್ರಗಿನ ಮೈ, ಮೊಣಕಾಲಿನ ಕೆಳಗೆ ಬಿಳಿ. ಒಂದು ಕರು ತಾಯಿಯ ಹೊಟ್ಟೆಯ ಕೆಳಗೆ ನುಗ್ಗುತ್ತಿತ್ತು. ಗೆಳೆಯ ನನ್ನ ಭುಜವನ್ನು ನೋಯುವಂತೆ ಹಿಡಿದುಕೊಂಡಿದ್ದ. "ಇದನ್ನು ಅಮ್ಮನಿಗೆ ಬರೆಯಬೇಕು..." ಎಂದು ಪಿಸುಗುಟ್ಟಿದ. ಅಂದವನೇ ಕೈ ತೆಗೆದುಬಿಟ್ಟ. ಮುಖ ನೋಡಿದೆ, ಬೂದಿ ಬಳಿದಂತಾಗಿತ್ತು. ನನಗೆ ಅರ್ಥವಾಗಲಿಲ್ಲ.

ಮರಳಿ ಕೇರಿಗೆ ಬಂದಾಗ ಗಾಡಿಯವನ ತಾಯಿ ನಮಗೆ ಗಂಜಿ ಕೊಟ್ಟಳು. ನಾವೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದ ಗಟ್ಟಿ ಹೆಂಗಸು. ಇವನು ಕಡಲಾಚೆಯವನು ಎಂದು ನಾನು ಹೇಳಿದ್ದೇ ತಡ, ಎದ್ದು ಬಂದು ಅವನ ತಲೆಗೂದಲು ಮುಟ್ಟಿ ನೋಡಿದಳು.

"ನಮ್ಮೋರೂ ದರ್ಯಾ ದಾಟೇ ಬಂದೋರಂತೆ, ತಮಾ. ವಾಪಸ್ ಹೋದೋರು ಯಾರೂ ಇಲ್ಲ. ನೀ ಆದ್ರೂ ಹೋಗ್ತಿ. ಅಲ್ಲಿ ಅವ್ವ ಅದಾಳ ನಿಂಗೆ?"

ದರ್ಯಾ ಎಂದರೆ ಅವರ ಮಾತಿನಲ್ಲಿ ಸಮುದ್ರ. ನಾನು ಸಲೀಸಾಗಿ ಇಂಗ್ಲಿಷಿನಲ್ಲಿ ಕೇಳಿದೆ, ನಿನ್ನ ತಾಯಿ ಇದ್ದಾರೆಯೇ ಎಂದು. ಅವನು ಗಂಜಿಯ ತಟ್ಟೆ ಕೆಳಗಿಟ್ಟು, "ಇಲ್ಲ. ಈ ಮಳೆಗಾಲದಲ್ಲಿ ತೀರಿಕೊಂಡಳು. ಪತ್ರ ಬರುವಷ್ಟರಲ್ಲಿ ಮಣ್ಣು ಮಾಡಿ ಎಷ್ಟೋ ದಿನ ಆಗಿತ್ತು" ಎಂದ. ಒಬ್ಬನೇ ಮಗ. ಒಂದು ಹಿಡಿ ಮಣ್ಣು ಹಾಕಲು ಅವನಿರಲಿಲ್ಲ. ಅಯ್ಯೋ, ಒಂದೇ ಕೋಣೆಯಲ್ಲಿ ಅವನ ಪಕ್ಕ ಮಲಗುತ್ತಿದ್ದ ನನಗೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ! ಕನ್ನಡದಲ್ಲಿ ಹೇಳಲೆಂದು ಅಜ್ಜಿಯ ಕಡೆ ತಿರುಗಿದೆ. ಹೇಳುವುದೇ ಬೇಕಾಗಲಿಲ್ಲ. ಅವನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

ಅವಳು ಅವನ ಕೈಹಿಡಿದು ಒಳಗೆ ಕರೆದೊಯ್ದಳು, ನಾನೂ ಹಿಂದೆ ಹೋದೆ. ನವರಾತ್ರಿ ಹತ್ತಿರವಿತ್ತು. ಅವರಲ್ಲಿ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ. ಒಳಗೊಂದು ಮಣ್ಣಿನ ಕಟ್ಟೆ, ಅದರ ಮೇಲೆ ಜುಟ್ಟಿನ ಕಾಯಿಗಳು. ಆ ಕಾಯಿಗಳೇ ಹಿರಿಯರು. ವರ್ಷಕ್ಕೊಮ್ಮೆ ನವರಾತ್ರಿಗೆ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಾರೆ. ಅಜ್ಜಿ ಒಂದು ಹೊಸ ಕಾಯಿ ತಂದು ಅವನ ಎರಡೂ ಕೈಯಲ್ಲಿಟ್ಟು ನನ್ನ ಕಡೆ ತಿರುಗಿದಳು.

"ಸಣ್ಣೊಡೇರೆ, ಹೇಳಿ ಅವಂಗೆ. ಮೊದ್ಲನೇದು ತನ್ನೋರ ಕೈಯಿಂದ್ಲೇ ಬರ್ಬೇಕು. ಅವ್ವನ ಹೆಸ್ರು ಹೇಳಿ ಇಡ್ಲಿ."

ಮಿಶನ್ ಶಾಲೆಯಲ್ಲಿ ಓದಿ ಚರ್ಚಿಗೆ ಹೋಗುತ್ತಿದ್ದವನು. ಬೇಡ ಅನ್ನುತ್ತಾನೇನೋ ಅಂದುಕೊಂಡೆ. ಅವನು ಕಾಯಿಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ತೆಗೆದುಕೊಂಡ. ಅವನ ತಾಯಿ ಬಂದರಿನಲ್ಲಿ ಕಾಯಿಹಾಲು ಹಾಕಿದ ಅನ್ನ ಮಾಡಿ ಮಾರುತ್ತಿದ್ದವಳಂತೆ, ಆಮೇಲೆ ಹೇಳಿದ. ಮಂಡಿಯೂರಿ, ಹೆಸರು ಹೇಳಿ, ಕಾಯಿ ಇಟ್ಟ. ಮತ್ತೆ ಅಲ್ಲೇ ಕೂತು ಹುಯ್ಯೋ ಎಂದು ಅತ್ತ. ಅಜ್ಜಿ ಬೆನ್ನು ಸವರುತ್ತ ಕೂತಳು. ನಾನು ಹೊರಗೆ ಬಂದು ಅಂಗಳದಲ್ಲಿ ನಿಂತೆ, ನನಗೂ ತಡೆಯಲಾಗಲಿಲ್ಲ.

ಹೊರಡುವಾಗ ಅವಳು ಅಂದಳು, "ನೀ ಮತ್ತೆ ಬರೋ ತನ್ಕ ನಿನ್ನ ಅವ್ವನ್ನ ನಾವ್ ನೋಡ್ಕಳ್ತೇವು. ದೇಶಕ್ಕೆ ಹೋಗೋವಾಗ ಬಂದು ಕರ್ಕಂಡೋಗು."

ನಾನು ತಿರುಗಿಸಿ ಹೇಳಿದಾಗ ಅವನು ತಲೆಯಾಡಿಸಿದ. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ಧಾರವಾಡದವರೆಗೂ ನಿದ್ದೆ ಮಾಡಿದ. ಮರುದಿನದಿಂದ ಊಟ ಸರಿಯಾಯಿತು, ಕೆಣಕುವುದೂ ಶುರುವಾಯಿತು. ಆದರೆ ಓದು ಮುಗಿದಾಗ ಮುಂಬಯಿಯ ಹಡಗಿಗೆ ಅವಸರವಾಗಿ, ಯಲ್ಲಾಪುರಕ್ಕೆ ಬರಲಾಗಲಿಲ್ಲ. ಊರು ಸೇರಿದ ಮೇಲೆ ಒಂದು ಪತ್ರ ಬರೆದ: ಅಜ್ಜಿಗೆ ಹೇಳು, ಬರುತ್ತೇನೆ, ಅಲ್ಲಿಯವರೆಗೆ ಅಮ್ಮ ಅಲ್ಲೇ ಇರಲಿ. ಅದಾದ ಮೇಲೆ ಏನೂ ಇಲ್ಲ... ಅವನ ದೇಶದಲ್ಲಿ ಗಲಭೆ, ಸೈನ್ಯ ಬೀದಿಗಿಳಿದಿದೆ ಎಂದು ರೇಡಿಯೋದಲ್ಲಿ ಕೇಳಿದೆ. ನಾನು ಬರೆದದ್ದಕ್ಕೆ ಉತ್ತರ ಬರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಪ್ರತಿ ನವರಾತ್ರಿಗೂ ಆ ಮನೆಯಲ್ಲಿ ಯಾರೂ ಕಣ್ಣಲ್ಲಿ ಕಾಣದ ಒಬ್ಬ ತಾಯಿಗೆ ಹೊಸ ಕಾಯಿ ಇಟ್ಟಿದ್ದಾರೆ. ಇಡುವ ಮೊದಲು ಯಲ್ಲಾಪುರದ ಈ ಮನೆಗೆ ಬಂದು ನನ್ನನ್ನು ಕೇಳುತ್ತಾರೆ: ದರ್ಯಾದ ಹುಡುಗನ ಸುದ್ದಿ ಏನಾದರೂ ಬಂತೇ? ಮೊದಲು ಅಜ್ಜಿ ಕೇಳುತ್ತಿದ್ದಳು. ಅವಳೂ ಕಟ್ಟೆಯ ಮೇಲೆ ಕಾಯಿಯಾದಳು. ಆಮೇಲೆ ಗಾಡಿ ಹೊಡೆಯುವ ಮಗ ಕೇಳಿದ, ಅವನೂ ಹೋದ. ಈಗ ಮೊಮ್ಮಗ, ಅವನದೂ ತಲೆ ನರೆತಿದೆ. ಎಲ್ಲರಿಗೂ ನನ್ನದು ಒಂದೇ ಉತ್ತರ: ಬರುತ್ತಾನೆ, ಇಡಿ.

ಮೊನ್ನೆ ಆ ಮೊಮ್ಮಗ ಬಂದವನು ಜಗಲಿಯ ತುದಿಯಲ್ಲಿ ಕೂತ. ಆಮೇಲೆ ಕೇಳಿದ, "ಅಜ್ಜಾ, ಸಿಟ್ಟಾಗ್ಬೇಡಿ. ದರ್ಯಾದೋರಿಗೂ ನಿಮ್ಮಷ್ಟೇ ವಯಸ್ಸು. ಇಲ್ದೇ ಹೋಗಿದ್ರೆ, ಅವ್ರಿಗೆ ಅಲ್ಲಿ ಯಾರಾದ್ರೂ ಇಡ್ತಾರೋ ಇಲ್ವೋ. ನಾವು ಒಂದು ಇಟ್ಬಿಡೋಣ? ತನ್ನೋರ ಕೈಯಿಂದ ಕಾಯಿ ಬರ್ಬೇಕು. ಇಲ್ಲಿ ನಿಮ್ಮನ್ನ ಬಿಟ್ರೆ ಅವ್ರಿಗೆ ಯಾರವ್ರೆ?"

ಸಿಟ್ಟು ಬಂತು. ಬದುಕಿದ್ದವನಿಗೆ ಕಾಯಿ ಇಡುವುದೆಂದರೆ ಏನು, ಹುಡುಗಾಟವೇ? ಅವನಿಲ್ಲ ಎಂದು ನಾನೇ ನನ್ನ ಕೈಯಾರೆ ಒಪ್ಪಿ ಕೊಟ್ಟಂತೆ. ಆದರೂ ಪೇಟೆಗೆ ಹೋಗಿ, ಕಣ್ಣು ಮೂಗು ನೋಡಿ, ಒಂದು ಒಳ್ಳೆಯ ಕಾಯಿ ಆರಿಸಿ ತಂದೆ.

ಇಷ್ಟು ಬರೆಯುವಷ್ಟರಲ್ಲಿ ಅಂಗಳದಲ್ಲಿ ಬೈಕಿನ ಸದ್ದಾಯಿತು. ಆ ಮೊಮ್ಮಗನೇ ಬಂದ. ನಾನು ಎದ್ದು ಕಾಯಿಯನ್ನು ಅವನ ಕೈಗೆ ಕೊಟ್ಟೆ. ಅವರ ಮನೆಯಲ್ಲಿ ಎಲ್ಲರಿಗೂ ನನ್ನ ಗೆಳೆಯ ಬರೀ ದರ್ಯಾದ ಹುಡುಗ. ಇಡುವಾಗ ಹೇಳಲು ಹೆಸರು ಬೇಕೆಂದ. ಹೇಳಿದೆ. ಅವನು ತಪ್ಪಾಗಿ ಅಂದ. ಬಿಡಿಸಿ ಬಿಡಿಸಿ ಮತ್ತೆ ಹೇಳಿಕೊಟ್ಟೆ. ಎಷ್ಟೋ ವರ್ಷಗಳಾದ ಮೇಲೆ ನನ್ನ ಮನೆಯಲ್ಲಿ ಆ ಹೆಸರು ಅಷ್ಟು ಸಲ ಕೇಳಿಸಿತು.

ಇನ್ನು ಗೆಳೆಯನ ಕಾಯಿ ಅವನ ಅಮ್ಮನ ಕಾಯಿಯ ಪಕ್ಕದಲ್ಲೇ ಇರುತ್ತದೆ. ಎಲ್ಲಾದರೂ ಬದುಕಿದ್ದರೆ ಬಂದು ನನ್ನ ಮರ್ಯಾದೆ ತೆಗೆಯುವಂತೆ ಬೈಯಲಿ, ಖುಷಿಯಿಂದ ಬೈಸಿಕೊಳ್ಳುತ್ತೇನೆ.

ಮೇಜಿನ ಮೇಲೆ ಒಂದಿಷ್ಟು ನಾರು ಉದುರಿತ್ತು. ಸೊಸೆ ಬಟ್ಟೆ ತಂದು ಒರೆಸಲು ಬಂದಳು. "ಇರ್ಲಿ ಬಿಡೆ" ಎಂದೆ.