ಚೀಲಕ್ಕೆ ಹಾಕಿದ ತೆರಿಗೆ

ನನಗೆ ಚಿತ್ರದಲ್ಲಿ ಕೈ ಬರೆಯಲು ಬರುವುದಿಲ್ಲ. ಮೂಗು, ಹೊಟ್ಟೆ, ಬೋಳುತಲೆ ಎಲ್ಲ ಸಲೀಸಾಗಿ ಬರುತ್ತವೆ. ಬೆರಳುಗಳು ಮಾತ್ರ ಬೆಂಡೆಕಾಯಿಯಾಗುತ್ತವೆ. ಹಾಗಾಗಿ ಈ ಪರದೇಶದ ಪ್ಲೆಸೆಂಟನ್ ಊರಿನ ನನ್ನ ಆಫೀಸಿನ ಮೀಟಿಂಗುಗಳಲ್ಲಿ ನಾನು ಕದ್ದು ಗೀಚುವ ಜನರೆಲ್ಲ ಜೇಬಿನಲ್ಲಿ ಕೈಯಿಟ್ಟುಕೊಂಡೇ ನಿಂತಿರುತ್ತಾರೆ. ಈ ಕೊರತೆಯೇ ನನ್ನನ್ನು ವ್ಯಂಗ್ಯಚಿತ್ರಕಾರ್ತಿಯನ್ನಾಗಿ ಮಾಡಿತು ನೋಡಿ. ತೆರಿಗೆಯ ಬಗ್ಗೆ ಚಿತ್ರ ಬರೆಯುವವರಿಗೆ ಜೇಬಿನೊಳಗಿನ ಕೈಗಿಂತ ಹೆಚ್ಚೇನು ಬೇಕು?

ಹೊರದೇಶದ ಸರಕಿಗೆ ಇಲ್ಲಿನ ಸರ್ಕಾರ ಸುಂಕ ಏರಿಸಿದ ಮೇಲೆ ಹತ್ತಿರದ ಊರು ಫ್ರೀಮಾಂಟಿನ ನಮ್ಮವರ ಅಂಗಡಿಯಲ್ಲಿ ತೊಗರಿಬೇಳೆಯ ಬೆಲೆ ಗಗನಕ್ಕೇರಿತು. ಸುಂಕ ಕಟ್ಟುವವರು ಹೊರಗಿನವರು, ನಮಗೇನೂ ಹೊರೆಯಿಲ್ಲ ಎಂದು ಟೀವಿಯಲ್ಲಿ ಹೇಳುತ್ತಲೇ ಇದ್ದರು. ಸಾರು ತೆಳ್ಳಗಾಯಿತು, ನನ್ನ ಸಿಟ್ಟು ಗಟ್ಟಿಯಾಯಿತು. ಕೂತು ಬರೆದೆ: ಸುಂಕದ ಕಟ್ಟೆಯ ಮುಂದೆ ಬೇಳೆಯ ಚೀಲವೊಂದು ಮನುಷ್ಯನ ಹಾಗೆ ನಿಂತಿದೆ. ಅದರ ಕೈ, ಹಿಂದೆ ನಿಂತ ಹೆಂಗಸಿನ ವ್ಯಾನಿಟಿ ಬ್ಯಾಗಿನೊಳಗೆ ಮೊಣಕೈವರೆಗೂ ಇಳಿದಿದೆ. ಅಧಿಕಾರಿ ಆಕೆಗೆ ಸಮಾಧಾನ ಹೇಳುತ್ತಿದ್ದಾನೆ: “ಗಾಬರಿ ಆಗ್ಬೇಡಿ ಅಮ್ಮಾ, ತೆರಿಗೆ ಹಾಕಿರೋದು ಚೀಲಕ್ಕೆ!”

ಬರೆದು ಮುಗಿಸಿ ನಾನೇ ನಕ್ಕೆ. ತನ್ನ ಜೋಕಿಗೆ ತಾನೇ ನಗಬಾರದು ಎನ್ನುವವರು ಒಳ್ಳೆಯ ಜೋಕು ಮಾಡಿರಲಿಕ್ಕಿಲ್ಲ.

ನಮ್ಮ ಹಳೆಯ ಶಾಸನಗಳಲ್ಲಿ ಗಾಣಕ್ಕೆ, ಮಗ್ಗಕ್ಕೆ ಹಾಕಿದ ತೆರಿಗೆಯ ವಿವರ ಕಲ್ಲಿನಲ್ಲೇ ಇದೆ. ಆ ತೆರಿಗೆ ಕಟ್ಟಿದವರು ಜಗಲಿಯಲ್ಲಿ ಕೂತು ರಾಜನನ್ನು ಆಡಿಕೊಂಡು ನಕ್ಕದ್ದನ್ನು ಮಾತ್ರ ಯಾರೂ ಕೆತ್ತಿಸಲಿಲ್ಲ. ಆ ಕೆಲಸ ನನಗಾಗಿಯೇ ಉಳಿದಿದೆ ಎಂಬ ಜಂಬದಲ್ಲಿ ಚಿತ್ರವನ್ನು ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಕಳಿಸಿದೆ.

ಸಮಿತಿಯವರು ಬೆಚ್ಚಿದರು. ಒಬ್ಬರು ಅಧಿಕಾರಿಯ ಟೈ ತೆಗೆಯಿರಿ ಎಂದರು. ಇನ್ನೊಬ್ಬರು, ಅಧಿಕಾರಿಯನ್ನೇ ತೆಗೆದರೆ ಹೇಗೆ ಎಂದರು. ಮತ್ತೊಬ್ಬರಿಗೆ ವ್ಯಾನಿಟಿ ಬ್ಯಾಗು ಹಬ್ಬಕ್ಕೆ ಒಪ್ಪುವುದಿಲ್ಲ ಎನಿಸಿತು. ಕೊನೆಗೆ ಚೀಲ ಒಂದೇ ಉಳಿಯಿತು. ಕೆಳಗೆ ಅಂಗಡಿಯ ವಿಳಾಸ ಹಾಕಿದ್ದರೆ ಚೆಂದದ ಜಾಹೀರಾತಾಗುತ್ತಿತ್ತು.

ಮನೆಯಲ್ಲಿ ಗಂಡ ರವಿಯದು ಬೇರೆಯೇ ಚಿಂತೆ. “ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ ಕಣೇ ಮಾಲತಿ. ಕಾರ್ಟೂನು ಬೇಕಾದ್ರೆ ಹಾಕ್ಸು, ಹೆಸರು ಮಾತ್ರ ಬೇಡ. ‘ಓರ್ವ ಗೃಹಿಣಿ’ ಅಂತಿದ್ರೆ ಸಾಕಲ್ವಾ?”

ಅವನ ಭಯ ನಗುವಂಥದ್ದಲ್ಲ. ಮನೆ, ಕೆಲಸ, ಮಗಳ ಸ್ಕೂಲು ಎಲ್ಲವೂ ಇಲ್ಲೇ ನೆಲೆಸಲು ಬಿಡುವ ಆ ಕಾರ್ಡಿಗೆ ಜೋತುಬಿದ್ದಿವೆ. ಆದರೆ ನಾನು ಬರೆದದ್ದೊಂದು ನನಗೇ ಇಷ್ಟು ಹಿಡಿಸಿದ್ದು ಅದೇ ಮೊದಲು. ಅದನ್ನು ಅನಾಥವಾಗಿ ಊರಿಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಚಿತ್ರ ಇಡಿಯಾಗಿ, ನನ್ನ ಹೆಸರಿನೊಂದಿಗೆ, ಇಲ್ಲವಾದರೆ ಬೇಡವೇ ಬೇಡ ಎಂದು ಸಮಿತಿಗೆ ಬರೆದೆ. ರವಿ “ಸರಿ” ಎಂದ. ಆ “ಸರಿ”ಗಿಂತ ಜಗಳವೇ ವಾಸಿಯಿತ್ತು.

ಸಂಚಿಕೆಯ ಸಂಪಾದಕಿ, ಧಾರವಾಡದ ಡಾಕ್ಟರ್ ಶಾಂತಕ್ಕ, ಒಂದೇ ಮಾತಿನಲ್ಲಿ ಸಮಿತಿಯ ಬಾಯಿ ಮುಚ್ಚಿಸಿದರಂತೆ: “ಹಾಕ್ರಿ ಅದನ್ನ. ನಗಲಿಕ್ಕೂ ಪರ್ಮಿಷನ್ ತಗೋಬೇಕೇನ್ರಿ?”

ಚಿತ್ರ ಅಚ್ಚಾಯಿತು. ಹೈಸ್ಕೂಲಿನ ಮಗಳು ನೋಡಿ, “ಅಮ್ಮಾ, ದಿಸ್ ಈಸ್ ಆಕ್ಚುಯಲಿ ಫನ್ನಿ” ಎಂದಳು. ಆ “ಆಕ್ಚುಯಲಿ”ಯನ್ನು ಕ್ಷಮಿಸಿದೆ. ಸರ್ಕಾರ ಕೆರಳೀತು ಎಂದು ಬಾಗಿಲ ಕಡೆ ಕಿವಿಯಿಟ್ಟುಕೊಂಡಿದ್ದೆ, ಯಾರೂ ಬರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಅವಮಾನವೇ ಆಯಿತು.

ಸೋಮವಾರ ಮಧ್ಯಾಹ್ನ ಸ್ಯಾನ್ ಮಟಿಯೋದ ತನ್ನ ಆಫೀಸಿನಿಂದ ರವಿ ಒಂದು ಫೋಟೋ ಕಳಿಸಿದ. ಸಂಚಿಕೆಯ ಆ ಪುಟ ಅವನ ಮೇಜಿನ ಪಕ್ಕದ ಗೋಡೆಯ ಮೇಲಿತ್ತು. ಸಹೋದ್ಯೋಗಿಗಳಿಗೆ ಕನ್ನಡ ಬಾರದಲ್ಲ, ಅದಕ್ಕೇ ಅಧಿಕಾರಿಯ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಕೆಳಗೆ ಅಂಟಿಸಿದ್ದ. ಅದರ ಕೆಳಗೆ, ‘ಬರೆದವಳು ನನ್ನ ಹೆಂಡತಿ’ ಎಂದು ನನ್ನ ಪೂರ್ತಿ ಹೆಸರು, ದಪ್ಪ ಮಾರ್ಕರಿನಲ್ಲಿ, ಲಿಫ್ಟಿನಿಂದ ಇಳಿದವರಿಗೂ ಕಾಣುವಷ್ಟು ದೊಡ್ಡದಾಗಿ.